ಅಂಗೈಗೆ ನೆನಪಿದೆ

ಸ್ಕಾಟ್ಲೆಂಡಿನಲ್ಲಿ ಅರವತ್ತು ದಾಟಿದವರ ಜೊತೆ ಶಾಲೆಯ ದಿನಗಳ ಮಾತು ತೆಗೆದರೆ ಅದು ಬೇಗನೆ ಬೆಲ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಮೇಷ್ಟ್ರುಗಳ ಕೈಯಲ್ಲಿ ಇದ್ದದ್ದು ಬೆತ್ತ. ಇಲ್ಲಿ ಚರ್ಮದ ಪಟ್ಟಿ: ಎರಡಡಿಯಷ್ಟು ಉದ್ದ, ದಪ್ಪ ತೊಗಲು, ತುದಿಯಲ್ಲಿ ಎರಡಾಗಿಯೋ ಮೂರಾಗಿಯೋ ಸೀಳು. ಹೆಸರಾಂತ ಬೆಲ್ಟುಗಳು ತಯಾರಾಗುತ್ತಿದ್ದದ್ದು ಫೈಫ್ ಪ್ರಾಂತ್ಯದ ಲಾಖ್‌ಗೆಲ್ಲಿ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ, ಕುದುರೆಯ ಜೀನು ಹೊಲಿಯುವ ಜಾನ್ ಡಿಕ್ ಮನೆತನದವರ ಅಂಗಡಿಯಲ್ಲಿ. ಹಗುರ, ಮಧ್ಯಮ, ಭಾರ, ಅತಿ ಭಾರ ಎಂದು ನಾಲ್ಕು ದರ್ಜೆ. ಮೇಷ್ಟ್ರುಗಳು ತಮ್ಮ ಕೈಗೆ ಒಗ್ಗುವುದನ್ನು ಆರಿಸಿ ಕೊಳ್ಳುತ್ತಿದ್ದರು. ಮಕ್ಕಳ ಅಂಗೈಗೆಂದೇ ಒಬ್ಬರು ಕೂತು ತೊಗಲನ್ನು ಅಳೆದು, ಸೀಳಿ, ಅಂಚು ಒರೆದು ಕೊಡುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎಡಿನ್‌ಬರೋದಲ್ಲಿ ನಾವಿದ್ದ ಬೀದಿಯಲ್ಲಿ ಬಸ್ ಓಡಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಬೆಲ್ಟಿನ ಮಾತು ಬಂದಾಗ ಅವರು ವಿವರಿಸಲು ಹೋಗಲಿಲ್ಲ, ಎದ್ದು ನಿಂತು ತೋರಿಸಿದರು. ಬಲಗೈ ಮುಂದೆ ಚಾಚಿ ಅಂಗೈ ಮೇಲೆ ಮಾಡಿದರು, ಅದರಡಿಗೆ ಎಡಗೈ ಆನಿಸಿದರು. ಏಟು ಬೀಳುವಾಗ ಕೈ ಕೆಳಗೆ ಸರಿಯಬಾರದಲ್ಲ, ಅದಕ್ಕೆ. ತನ್ನ ಒಂದು ಕೈ ತಪ್ಪಿಸಿಕೊಳ್ಳದಂತೆ ಮಗು ತನ್ನದೇ ಇನ್ನೊಂದು ಕೈಯಿಂದ ಹಿಡಿದುಕೊಡಬೇಕು. ಅಂಗಿಯ ತೋಳನ್ನು ಮಣಿಕಟ್ಟಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದದ್ದು, ಜಾಗಕ್ಕೆ ಮರಳಿದ ಮೇಲೆ ಡೆಸ್ಕಿನ ತಣ್ಣನೆಯ ಕಬ್ಬಿಣದ ಕಾಲಿಗೆ ಅಂಗೈ ಒತ್ತಿಕೊಂಡು ಕೂರುತ್ತಿದ್ದದ್ದು, ಎಲ್ಲ ಅವರಿಗೆ ನೆನಪಿತ್ತು. ತಪ್ಪೇನು ಮಾಡಿದ್ದಿರಿ ಎಂದು ಕೇಳಿದೆ. ಅದು ಮಾತ್ರ ನೆನಪಿರಲಿಲ್ಲ. ಕಾಗುಣಿತ ತಪ್ಪಿರಬೇಕು ಎಂದರು. ಕಾಗುಣಿತ ತಪ್ಪಿದರೂ ಬೆಲ್ಟು ಬೀಳುತ್ತಿದ್ದ ಕಾಲ ಅದು.

ಆಮೇಲೆ, ‘ನಾವೇನು ಕೆಟ್ಟುಹೋದೆವಾ?’ ಎಂದು ನಕ್ಕರು. ನಮ್ಮಲ್ಲಿ ಹುಣಸೆ ಬರಲಿನ ರುಚಿ ಕಂಡವರೂ ಇದೇ ಮಾತು ಆಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ, ಬಾಳಿ ತೋರಿಸಿದವರು ಅವರು. ಆದರೆ ಬುದ್ಧಿ ಬರಲೆಂದು ಹೊಡೆದದ್ದು ನಿಜವಾದರೆ ಉಳಿಯಬೇಕಾದದ್ದು ಪಾಠ. ಅದು ಅಳಿಸಿಹೋಗಿದೆ, ಕೈ ಚಾಚಿದ ಬಗೆ ಉಳಿದಿದೆ. ಜಾರ್ಜ್ ಆರ್ವೆಲ್ ಬೋರ್ಡಿಂಗ್ ಶಾಲೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡದ್ದಕ್ಕೆ ಏಟು ತಿಂದವರು. ತನ್ನ ಕೈಮೀರಿ ಆದದ್ದೂ ಪಾಪವಾಗಬಹುದು ಎಂದು ಆ ವಯಸ್ಸಿಗೇ ನಂಬಿಬಿಟ್ಟಿದ್ದನ್ನು ದೊಡ್ಡವರಾದ ಮೇಲೆ ಬರೆದರು. ಆ ಪ್ರಬಂಧ ಅಚ್ಚಾದದ್ದು 1952ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ.

ಆಗ ಕಾಲವೇ ಹಾಗಿತ್ತು, ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ ಎನ್ನುವವರಿದ್ದಾರೆ. ಮಕ್ಕಳಿಗೆ ಅನಿಸಿತ್ತು. 1911ರ ಸೆಪ್ಟೆಂಬರಿನಲ್ಲಿ ವೇಲ್ಸ್‌ನ ಲನೆಲಿ ಪಟ್ಟಣದ ಶಾಲೆಯೊಂದರಲ್ಲಿ ಹುಡುಗನೊಬ್ಬನಿಗೆ ಏಟು ಬಿದ್ದಾಗ ಉಳಿದವರು ತರಗತಿ ಬಿಟ್ಟು ಬೀದಿಗಿಳಿದರು. ಆ ಮುಷ್ಕರ ಬ್ರಿಟನ್ನಿನ ಹತ್ತಾರು ಊರುಗಳಿಗೆ ಹಬ್ಬಿತು, ಬೆತ್ತ ಬೇಡ ಎಂಬುದು ಅವರ ಬೇಡಿಕೆಗಳಲ್ಲೊಂದು. 1972ರಲ್ಲಿ ಲಂಡನ್ನಿನ ಮಕ್ಕಳೂ ಇದೇ ಬೇಡಿಕೆ ಹಿಡಿದು ಮೆರವಣಿಗೆ ಹೊರಟರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕೌಡೆನ್‌ಬೀತ್‌ನ ಹುಡುಗನ ಕಥೆ. ಬೆಲ್ಟು ಹೊಲಿಯುತ್ತಿದ್ದ ಲಾಖ್‌ಗೆಲ್ಲಿಗೆ ಇದು ಪಕ್ಕದ ಊರು. 1976ರ ಸೆಪ್ಟೆಂಬರಿನಲ್ಲಿ ಅವನು ಶಾಲೆಯಿಂದ ಮನೆಗೆ ಹೋಗುವಾಗ ಸ್ಮಶಾನದೊಳಗಿನ ಒಳದಾರಿ ಹಿಡಿಯಲು ನೋಡಿದ. ಅದಕ್ಕೆ ನಿಷೇಧವಿತ್ತು. ಮರುದಿನ ಶಿಕ್ಷೆಗೆ ಕರೆದಾಗ ಹೋದ, ಆದರೆ ಅಪ್ಪ ಹೇಳಿಕೊಟ್ಟಂತೆ ಏಟು ತಿನ್ನಲು ಒಪ್ಪಲಿಲ್ಲ. ಒಪ್ಪುವವರೆಗೂ ಶಾಲೆಗೆ ಬರಬೇಡ ಎಂದರು. ಅವನು ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಅವನ ತಾಯಿ ಮತ್ತು ಇನ್ನೊಬ್ಬ ತಾಯಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. ಕ್ಯಾಂಬೆಲ್ ಮತ್ತು ಕೋಸನ್ಸ್ ಪ್ರಕರಣವೆಂದು ಹೆಸರಾದದ್ದು ಅದೇ. ಮಕ್ಕಳನ್ನು ಹೊಡೆಯಕೂಡದೆಂಬ ಹೆತ್ತವರ ನಂಬಿಕೆಯನ್ನು ಸರ್ಕಾರ ಗೌರವಿಸಬೇಕಿತ್ತು, ಹುಡುಗನ ಓದಿನ ಹಕ್ಕನ್ನೂ ಕಿತ್ತುಕೊಂಡಂತಾಯಿತು ಎಂದು 1982ರಲ್ಲಿ ತೀರ್ಪು ಬಂತು. ಒಂದು ಏಟನ್ನೂ ತಿನ್ನದ ಹುಡುಗನಿಂದ ಬೆಲ್ಟಿನ ಬುಡ ಅಲ್ಲಾಡಿತು.

ಆದರೂ ವೆಸ್ಟ್‌ಮಿನ್‌ಸ್ಟರಿನಲ್ಲಿ 1986ರ ಜುಲೈನಲ್ಲಿ ಮತಕ್ಕೆ ಹಾಕಿದಾಗ ಹೊಡೆತ ನಿಲ್ಲಲಿ ಎಂದವರು 231, ಬೇಡ ಎಂದವರು 230. ಒಂದೇ ಮತ! 1987ರಿಂದ ಸರ್ಕಾರಿ ಶಾಲೆಗಳಲ್ಲಿ ನಿಷೇಧ ಜಾರಿಗೆ ಬಂತು. ಹೆತ್ತವರು ಶುಲ್ಕ ಕಟ್ಟಿ ಓದಿಸುತ್ತಿದ್ದ ಮಕ್ಕಳನ್ನು ಆ ಕಾನೂನು ಕಾಯಲಿಲ್ಲ. ಅವರು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1999ರವರೆಗೆ, ಸ್ಕಾಟ್ಲೆಂಡಿನಲ್ಲಿ 2000ದವರೆಗೆ, ಉತ್ತರ ಐರ್ಲೆಂಡಿನಲ್ಲಿ 2003ರವರೆಗೆ ಕಾಯಬೇಕಾಯಿತು. ಆ ಕೊನೆಯ ವರ್ಷಗಳಲ್ಲಿ ಶಾಲೆಯಲ್ಲಿದ್ದವರಿಗೆ ಈಗಿನ್ನೂ ನಡುವಯಸ್ಸು. ಅವರಲ್ಲಿ ಏಟು ತಿಂದವರು ಮಾತಾಡುವುದನ್ನು, ‘ನಾವೇನು ಕೆಟ್ಟುಹೋದೆವಾ’ ಎಂಬ ನಗು ಅಡ್ಡ ಬರುವ ಮೊದಲೇ ಕೇಳಿಸಿಕೊಳ್ಳಬೇಕು ಎಂದು ನನ್ನಾಸೆ.