ಮರುದಿನದ ಕಾಲುನೋವು

ಮಕ್ಕಳೇ, ಕ್ರೀಡಾಕೂಟದ ಮರುದಿನ ಕಾಲು ನೋಯುತ್ತದೆ ಅಲ್ಲವೇ? ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಉಳಿದಿರುವುದೇ ಕಾರಣ ಎಂದು ನಾನು ಹಲವು ವರ್ಷ ಪಾಠ ಮಾಡಿದೆ. ಅದು ತಪ್ಪು. ಓಡುವಾಗ ಹೆಚ್ಚಿದ ಆ ಅಂಶ ಒಂದೆರಡು ಗಂಟೆಗಳಲ್ಲೇ ಇಳಿಯುತ್ತದೆ. ನೋವು ಏರುವುದೋ 24ರಿಂದ 72 ಗಂಟೆಗಳ ನಡುವೆ!

ಆಮ್ಲವೇ ಕಾರಣವಾದರೆ, ಏದುಸಿರು ಬರಿಸುವ ಹತ್ತುವಿಕೆಯೇ ಹೆಚ್ಚು ನೋಯಿಸಬೇಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಇಳಿದೆ. ನೋವಿಲ್ಲ. ಇನ್ನೊಮ್ಮೆ ಮೆಟ್ಟಿಲಲ್ಲೇ ಇಳಿದೆ. ಮರುದಿನ ತೊಡೆ ಹಿಡಿದುಕೊಂಡಿತು! ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಬಳಿಕ ಊತ, ನೋವು.

ಆಟಗಾರರು ತೊಡುವ ಬಿಗಿಯಾದ ಉದ್ದ ಕಾಲುಚೀಲವನ್ನು ಟಿ.ವಿ.ಯಲ್ಲಿ ನೋಡಿದ್ದೀರಾ? ಅದರ ಒತ್ತಡದಿಂದ ಊತವೂ ನೋವೂ ತುಸು ತಗ್ಗಬಹುದು. ಆದರೆ ಎಳೆಗಳನ್ನು ಸರಿಪಡಿಸುವುದು ನಿಮ್ಮ ದೇಹವೇ. ಅದಕ್ಕೆ ನಿದ್ದೆ ಬೇಕು. ಬೇಳೆ, ಕಾಳು, ಮೊಟ್ಟೆ, ಹಾಲು ಬೇಕು. ದುಬಾರಿ ಕಾಲುಚೀಲ ಇಲ್ಲವೆಂದು ಕೊರಗಬೇಡಿ. ಅದರ ಬದಲು ಬಟ್ಟೆಯನ್ನು ಬಿಗಿದು ಕಟ್ಟಲೂಬೇಡಿ, ರಕ್ತ ಸಂಚಾರಕ್ಕೆ ತಡೆಯಾದೀತು.

ನನ್ನ ಹಳೆಯ ಪಾಠ ಕೇಳಿದ ನಿಮ್ಮ ಅಣ್ಣ, ಅಕ್ಕಂದಿರಿಗೂ ಇದನ್ನು ತಿಳಿಸುವಿರಾ?