ತಾಳಕ್ಕೆ ಮಾರ್ಕ್ಸ್ ಇಲ್ವಾ?

2020ರ ಏಪ್ರಿಲ್. ಲಾಕ್‌ಡೌನ್. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ನಾನೊಬ್ಬನೇ. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಾಂ ಇಟ್ಟುಕೊಂಡು ಎದ್ದೆ. ಆಫೀಸ್ ಕೆಲಸಕ್ಕಲ್ಲ, ಫೋರ್ಟ್‌ನೈಟ್ ಗೇಮಿನೊಳಗೆ ನಡೆಯಲಿದ್ದ ಟ್ರಾವಿಸ್ ಸ್ಕಾಟ್ ಸಂಗೀತ ಕಾರ್ಯಕ್ರಮಕ್ಕೆ! ಬೆಟ್ಟದಷ್ಟು ಎತ್ತರದ ಗಾಯಕ, ನೀರಿನಡಿ ಈಜಾಡುವ ನಾವು, ಆಮೇಲೆ ಆಕಾಶದಲ್ಲಿ ಹಾರಾಟ. ಹತ್ತು ನಿಮಿಷದೊಳಗೆ ಎಲ್ಲ ಮುಗೀತು. ಒಂದೇ ಹೊತ್ತಿಗೆ 1.23 ಕೋಟಿಗೂ ಹೆಚ್ಚು ಜನ ಇದ್ದರು ಅಂತ ಆಮೇಲೆ ಓದಿದೆ.

ಸಾಫ್ಟ್‌ವೇರ್‌ನವನಾದ್ದರಿಂದ ಅದರ ಗುಟ್ಟು ಗೊತ್ತಿತ್ತು. ಅಷ್ಟು ಜನರನ್ನು ಒಂದೇ ಮೈದಾನದಲ್ಲಿ ನಿಲ್ಲಿಸೋಕೆ ಆಗಲ್ಲ. ಅದೇ ಮೈದಾನದ ಸಾವಿರಾರು ಪ್ರತಿಗಳನ್ನು ಮಾಡಿ, ಒಂದೊಂದರಲ್ಲಿ ಸ್ವಲ್ಪ ಸ್ವಲ್ಪ ಜನರನ್ನು ಬಿಡ್ತಾರೆ. ಕೋಟಿ ಜನರ ನಡುವೆ ಅಂದುಕೊಂಡ ನನ್ನ ಪಕ್ಕ ಇದ್ದವರು ಕೆಲವೇ ಮಂದಿ. ಶೋ ಮುಗಿದದ್ದೇ ಅವರೂ ಮಾಯ.

ಖುಷಿ ತಡೆಯಲಾಗದೆ ಮೈಸೂರಿಗೆ ಫೋನ್ ಮಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಸರಿ, ಕಚೇರಿ ಮುಗಿದ ಮೇಲೆ ಯಾರ ಜೊತೆ ಕಾಫಿ ಕುಡಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪ ಬ್ಯಾಂಕಿನಲ್ಲಿದ್ದವರು. ಸಂಜೆ ಮೃದಂಗ. ಭಜನೆಗೆ, ಬಡಾವಣೆಯ ಮಕ್ಕಳ ಹಾಡುಗಾರಿಕೆಗೆ ನುಡಿಸುತ್ತಿದ್ದರು. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣೇಶೋತ್ಸವದ ಕಚೇರಿಗಳಿಗೆ ಚಿಕ್ಕವನಾದ ನನ್ನನ್ನೂ ಕರೆದುಕೊಂಡು ಹೋಗಿ ರಸ್ತೆಯಲ್ಲೇ ಕೂತು ಕೇಳುತ್ತಿದ್ದರು. ಅಲ್ಲಿಂದ ಬರುವಾಗ ಕಾಫಿ, ಜೊತೆಗೆ ತನಿ ಆವರ್ತನದ ಬಗ್ಗೆ ಗೆಳೆಯರೊಂದಿಗೆ ಜಗಳ.

ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ನಡೆದಾಡುವಷ್ಟಾದರು, ಆದರೆ ಎಡಗೈಗೆ ಮೊದಲಿನ ಬಲ ಬರಲಿಲ್ಲ. ಮೃದಂಗ ಬಟ್ಟೆಯ ಕವರ್ ಹಾಕಿಕೊಂಡು ಮೂಲೆ ಸೇರಿತು. ಆ ಮಾತೆತ್ತಿದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದರು.

ಕಳೆದ ದೀಪಾವಳಿಗೆ ನನ್ನ ವಿಆರ್ ಹೆಡ್‌ಸೆಟ್ ಊರಿಗೆ ಒಯ್ದಿದ್ದೆ. ಅದರಲ್ಲಿ ಬೀಟ್ ಸೇಬರ್ ಅನ್ನೋ ಆಟ. ಹಾಡಿನ ಬೀಟ್‌ಗೆ ತಕ್ಕಂತೆ ಎದುರಿನಿಂದ ಘನಗಳು ಹಾರಿ ಬರುತ್ತವೆ. ಕೆಂಪು ಬಂದರೆ ಎಡಗೈ ಕತ್ತಿಯಿಂದ, ನೀಲಿ ಬಂದರೆ ಬಲಗೈಯಿಂದ ಸೀಳಬೇಕು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಎಷ್ಟು ತಪ್ಪಿದರೂ ಸೋಲದ ಹಾಗೆ ಸೆಟ್ಟಿಂಗ್ ಬದಲಿಸಿ ಕೊಟ್ಟೆ.

ಮೊದಲ ಹಾಡಿಗೆ ಒಂದೂ ಘನ ಸಿಗಲಿಲ್ಲ. ಟಿವಿಯಲ್ಲಿ ನೋಡುತ್ತಿದ್ದ ನನಗೆ ಯಾಕೆಂದು ಅರ್ಥವಾಗಲಿಲ್ಲ. ತುಟಿ ಮಾತ್ರ ತಕಧಿಮಿ ಅನ್ನುತ್ತಿತ್ತು.

"ಅಪ್ಪ, ಕಣ್ಣು ಬಿಟ್ಟಿದ್ದೀರಾ?"

"ಕಣ್ಣು ಮುಚ್ಚಿದ್ರೇ ಕಣೋ ಲಯ ಕೇಳೋದು!"

ಕಣ್ಣು ಬಿಟ್ಟು ಆಡಿದ ಮೇಲೂ ಸ್ಕೋರ್ ಏಳಲಿಲ್ಲ. ಲೆಕ್ಕ ಹೇಳಿದೆ: ಒಂದು ಘನಕ್ಕೆ ಹೆಚ್ಚೆಂದರೆ 115 ಅಂಕ. ಕೈ ಎಷ್ಟು ಅಗಲ ಬೀಸಿದಿರಿ ಅನ್ನೋದಕ್ಕೆ 100, ನಟ್ಟನಡುವೆ ಸೀಳಿದರೆ 15.

"ತಾಳಕ್ಕೆ?"

"ತಾಳಕ್ಕೆ ಬೇರೆ ಅಂಕ ಇಲ್ಲಪ್ಪ."

"ತಾಳಕ್ಕೆ ಮಾರ್ಕ್ಸೇ ಇಲ್ವಾ? ಇದೆಂಥ ಸಂಗೀತದ ಆಟವೋ!" ಹೆಡ್‌ಸೆಟ್ ತೆಗೆದುಬಿಟ್ಟರು. ಅಡುಗೆಮನೆಯಲ್ಲಿ ಅಮ್ಮ ಜೋರಾಗಿ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮಾರನೆಯ ದಿನ ಅವರೇ ಕೇಳಿ ಹಾಕಿಸಿಕೊಂಡರು. ನಾನು ಸ್ಕೋರ್ ನೋಡಲಿಲ್ಲ, ಅಪ್ಪನ ಎಡಗೈ ನೋಡುತ್ತಿದ್ದೆ. ಸದಾ ತೊಡೆಯ ಮೇಲೆ ಬಿದ್ದಿರುತ್ತಿದ್ದ ಕೈ, ಕೆಂಪು ಘನ ಬಂದಾಗಲೆಲ್ಲ ಏಳುತ್ತಿತ್ತು. ತಡವಾಗಿ, ಅರ್ಧಕ್ಕೇ, ಆದರೂ ಏಳುತ್ತಿತ್ತು. ಅವರ ಗಮನ ಕೈಯ ಮೇಲಿರಲಿಲ್ಲ, ಆಟವನ್ನು ಬೈಯುವುದರಲ್ಲಿತ್ತು.

ಕಾಯಿಲೆಗೆ ಇದೇ ಮದ್ದು ಅಂತ ಹೇಳುತ್ತಿಲ್ಲ. ಫಿಸಿಯೋಥೆರಪಿ ಈಗಲೂ ನಡೀತಿದೆ. ನಾನು ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ಮೂಲೆಯಲ್ಲಿ ಬಟ್ಟೆ ಸರಿಸಿದ ಸದ್ದಾಯಿತು. ಮೃದಂಗದ ಎಡಮುಚ್ಚಳಕ್ಕೆ ರವೆ ಕಲಸಿ ಹಚ್ಚದಿದ್ದರೆ ನಾದ ಬರಲ್ಲ.

"ಲೇ, ಅಮ್ಮನ ಹತ್ರ ಒಂದು ಹಿಡಿ ರವೆ ಇಸ್ಕೊಂಡು ಬಾ."

"ನಾಳೆ ಉಪ್ಪಿಟ್ಟಿಗೆ ಇಟ್ಟಿದ್ದು ಅಂತ ಹೇಳು," ಅಂದರು ಅಮ್ಮ, ಡಬ್ಬಿ ತೆರೆಯುತ್ತಲೇ.

ಎಡಗೈಯ ತೋಂ ಸರಿಯಾಗಿ ಬರಲಿಲ್ಲ. ಅಪ್ಪ ಮತ್ತೆ ಬಾರಿಸಿದರು. ಆ ಸಂಜೆ ಕೇಳಿದವರು ನಾವಿಬ್ಬರೇ. ಮುಗಿದ ಮೇಲೆ ಮೂವರೂ ಕೂತು ಕಾಫಿ ಕುಡಿದೆವು.