ಗಾಡಿ ಬಾಡಿಗೆ ಲೆಕ್ಕ ಇವತ್ತಿಂದಲ್ಲ



ಟೊಮೆಟೊ ರೇಟು ಬಿದ್ದಾಗ ನಾವೆಲ್ಲ ಮಂಡಿಯವರನ್ನ ಬೈತೀವಿ. ತೋಟದಿಂದ ಕೋಲಾರ ಎಪಿಎಂಸಿವರೆಗೆ ಕೊಟ್ಟ ಬಾಡಿಗೆ ಎಷ್ಟು ಅಂತ ಬರೆದಿಡೋರು ಕಮ್ಮಿ. 15 ಕೆಜಿ ಬಾಕ್ಸು 600ಕ್ಕೆ ಹೋಗ್ಲಿ, 60ಕ್ಕೆ ಹೋಗ್ಲಿ, ಬಾಡಿಗೆ ಇಳಿಯಲ್ಲ.

ಈ ಲೆಕ್ಕ ಬಹಳ ಹಳೇದು. ರೋಮ್‌ನಲ್ಲಿ ಕೇಟೋ ಅಂತ ಒಬ್ಬರಿದ್ದರು, ಕ್ರಿ.ಪೂ. 149ರಲ್ಲಿ ತೀರಿಕೊಂಡರು. ಅವರು ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಆಲಿವ್ ಕಾಯಿ ಅರೆಯೋ ಕಲ್ಲು ತರೋ ಖರ್ಚು ಐತೆ. ಸುಯೆಸ್ಸಾ ಊರಿಂದ ಎತ್ತು ಕಟ್ಟಿ ತರೋಕೆ 6 ಆಳು, 6 ದಿನ, 72 ಸೆಸ್ಟರ್ಸ್ ನಾಣ್ಯ. ದೂರದ ಪಾಂಪೇಯಿಂದ ತಂದ್ರೆ ಕಲ್ಲಿನ ಬೆಲೆ 384, ಸಾಗಣೆಗೇ 280. ಮಾಲಿನ ಮುಕ್ಕಾಲು ಬೆಲೆ ದಾರಿಗೇ ಹೋಯ್ತು!

ಆಮೇಲೆ 4ನೇ ಶತಮಾನದಲ್ಲಿ ಸರ್ಕಾರಿ ಎತ್ತಿನ ಬಂಡಿಗೆ 1500 ರೋಮನ್ ಪೌಂಡ್‌ಗಿಂತ ಜಾಸ್ತಿ ಹೇರಬಾರದು ಅಂತ ಕಾನೂನು ಮಾಡಿದ್ರು. ಅಂದ್ರೆ ಸುಮಾರು 490 ಕೆಜಿ. ನಮ್ಮ ಲೆಕ್ಕದಲ್ಲಿ 32 ಬಾಕ್ಸ್ ಟೊಮೆಟೊ.

ಅವರ ಚಕ್ರಕ್ಕೂ ನಮ್ಮ ಹಿರಿಯರ ಚಕ್ರಕ್ಕೂ ಕೆಲಸ ಒಂದೇ. ನಡುವೆ ಗುಂಬ, ಅದಕ್ಕೆ ಅರೆ, ಸುತ್ತ ಬಾಗಿದ ಮರದ ತುಂಡು, ಮೇಲೆ ಕಬ್ಬಿಣದ ಹಳಿ. ಹಳಿಯನ್ನ ಚಕ್ರಕ್ಕಿಂತ ಚೂರು ಚಿಕ್ಕದಾಗಿ ಮಾಡಿ, ಬೆರಣಿ ಬೆಂಕೀಲಿ ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ ನೀರು ಹಾಕ್ತಾರೆ. ಕಬ್ಬಿಣ ಕುಗ್ಗಿ ಎಲ್ಲಾ ಕೀಲನ್ನೂ ಬಿಗಿ ಹಿಡೀತದೆ. ಬೇಸಿಗೇಲಿ ಮರ ಒಣಗಿ ಹಳಿ ಸಡಿಲ ಆದ್ರೆ ಒದ್ದೆ ಗೋಣಿ ಸುತ್ತೋರು, ಇಲ್ಲ ಕುಂಟೆ ನೀರಲ್ಲಿ ನೆನೆ ಹಾಕೋರು. ಆಮೇಲೆ ಡನ್ಲಪ್ ಗಾಡಿ ಬಂತು. ಅದೇ ಜೋಡಿ ಎತ್ತು ಜಾಸ್ತಿ ಭಾರ ಎಳೆದ್ವು, ಮರದ ಚಕ್ರ ಮೂಲೆ ಸೇರ್ತು. ಈಗ ಅದೇ ಚಕ್ರ ಹೈವೇ ಪಕ್ಕದ ಢಾಬಾ ಗೋಡೆ ಮೇಲೆ ಚೆಂದಕ್ಕೆ ನಿಂತಿದೆ.

ಹಳೇ ಗಾಡೀಲೇ ಕೋಲಾರಕ್ಕೆ ಹೋಗೋಣ ಅಂತ ನಾನು ಹೇಳ್ತಿಲ್ಲ, ಟೆಂಪೋ ಬೇಕೇ ಬೇಕು. ಆದ್ರೆ ತೋಟದಿಂದ ಡಾಂಬರು ರಸ್ತೆವರೆಗಿನ ಅರ್ಧ ಮೈಲಿಗೂ ಬಾಡಿಗೆ ಕೊಡ್ಬೇಕಾ? ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇನ್ನೂ ಹಳ್ಳಿಕಾರ್ ಜೋಡಿ ಕಟ್ಟಿರೋರು ಇದ್ದಾರೆ. ಒಂದು ಟೈರ್ ಗಾಡಿ ಇದ್ರೆ ಆ ದುಡ್ಡು ಉಳೀತದೆ. ಅಕ್ಕಪಕ್ಕದ ನಾಲ್ಕು ಜನ ರಸ್ತೆ ಬದಿ ಮಾಲು ಸೇರಿಸಿ ಒಂದೇ ಟೆಂಪೋ ತುಂಬಿಸಿದ್ರೆ ಇನ್ನೂ ಉಳೀತದೆ.

ಸಸಿ ನಾಟಿ ಮಾಡೋ ಮುಂಚೆ ಗೊಬ್ಬರ, ಔಷಧಿ, ಕೂಲಿ ಜೊತೆ ಬಾಡಿಗೆನೂ ಒಂದು ಸಾಲು ಬರೀರಿ. ಕೇಟೋ ಬರೆದಿದ್ದರು, ನಾವೂ ಬರೀಬಹುದು.